ಬುಧವಾರವಿಲ್ಲದ ವಾರ

ನಮ್ಮ ಬಡಾವಣೆಯ ಉದ್ಯಾನದ ಉಸ್ತುವಾರಿ ಹೊತ್ತವರ ಮೇಲೆ ನನ್ನ ಆರೋಪವಿದು: ಮಕ್ಕಳು ಶಾಲೆಯಲ್ಲಿರುವ ಹೊತ್ತನ್ನೇ ಆರಿಸಿಕೊಂಡು ನೀವು ಉದ್ಯಾನಕ್ಕೆ ಬೀಗ ಜಡಿಯುತ್ತೀರಿ. ಬೆಳಿಗ್ಗೆ ಹತ್ತಕ್ಕೆ ಮುಚ್ಚಿದ ಗೇಟು ಮತ್ತೆ ತೆರೆಯುವುದು ಸಂಜೆ ನಾಲ್ಕಕ್ಕೆ. ನಡುವಿನ ಅಷ್ಟೂ ಹಗಲು ಅಲ್ಲಿರುವುದು ಮರಗಳು, ಅಳಿಲುಗಳು ಮತ್ತು ಒಬ್ಬ ಕಾವಲುಗಾರ. ಆ ಹಗಲು ಒಂದು ಕಾಲಕ್ಕೆ ನಮ್ಮದಾಗಿತ್ತು. ಇವತ್ತು ಅದು ನನ್ನ ಅಕ್ಕನ ಮಗಳದ್ದಾಗಿರಬೇಕಿತ್ತು. ಅವಳಿಗೆ ಏಳು ವರ್ಷ. ಶಾಲೆಯಿರುವ ಪ್ರತಿ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಬರುತ್ತದೆ. ಆ ನೋವಿಗೂ ನಿಮ್ಮ ಬೀಗಕ್ಕೂ ಸಂಬಂಧವಿದೆಯೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಗುವವರು ಕೊನೆಯವರೆಗೆ ಓದಿ ಆಮೇಲೆ ನಗಲಿ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಾನು ಓದಿದ ಪ್ರಾಥಮಿಕ ಶಾಲೆಯಿದೆ. ಯಾರದೋ ಹಳೆಯ ಮನೆಯನ್ನೇ ಶಾಲೆಯಾಗಿ ಮಾಡಿದ್ದರು. ನಡುಮನೆಯಲ್ಲಿ ಒಂದನೇ ತರಗತಿ, ಅಡುಗೆಮನೆಯಲ್ಲಿ ಎರಡನೆಯದು. ಎರಡನೇ ತರಗತಿಯ ನಮ್ಮ ತಲೆಯ ಮೇಲೆ ಹಿಂದಿನ ಕಾಲದ ಹೊಗೆಗೂಡು ಹಾಗೆಯೇ ಇತ್ತು. ಒಲೆಯಿದ್ದ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೂ ಮಸಿಯ ನೆರಳು ಮೇಲೆದ್ದು ಬರುತ್ತಿತ್ತು. ಒಂದೇ ಒಂದು ಕಿಟಕಿ, ಅದೂ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದ್ದು. ಹಗಲಿಡೀ ಟ್ಯೂಬ್‌ಲೈಟು ಉರಿಯಬೇಕು. ಆಟದ ಬಯಲೆಂದರೆ ಹಿತ್ತಲು. ಹಿತ್ತಲೆಂದರೆ ಒಂದು ಒಗೆಯುವ ಕಲ್ಲು, ಒಂದು ನಲ್ಲಿ, ನೀರು ಕುಡಿಯಲು ಸಾಲುಗಟ್ಟಿದ ನಾವು.

ಆ ಅಡುಗೆಮನೆಯಲ್ಲಿ ನನಗೆ ಗಟ್ಟಿಯಾಗಿ ಓದಲು ಬರುತ್ತಿರಲಿಲ್ಲ. ಅಕ್ಷರಗಳು ಗೊತ್ತಿದ್ದವು. ಎದ್ದು ನಿಂತೊಡನೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಹೀಗಾಗಿ ಬೆಳಿಗ್ಗೆ ತಲೆ ಬಾಚುವ ಹೊತ್ತಿಗೇ ಹೊಕ್ಕುಳಿನ ಸುತ್ತ ನೋವು ಶುರು. ಅಮ್ಮ ಜೀರಿಗೆ ಕಷಾಯ ಕುಡಿಸಿದಳು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಕೊನೆಗೊಂದು ದಿನ ದೋಸೆ ಮಗುಚುತ್ತಾ ಅಪ್ಪನಿಗೆ ಹೇಳಿದಳು: "ರೀ, ಒಂದ್ ವಿಷಯ ಗಮನಿಸಿದ್ರಾ? ಬುಧವಾರ ಮಾತ್ರ ಇವಳಿಗೆ ಹೊಟ್ಟೆನೋವು ಬರಲ್ಲ."

"ನಾಟಕ ಕಣೇ," ಎಂದರು ಅಪ್ಪ.

"ನಾಟಕ ಆದ್ರೆ ಬುಧವಾರ ಯಾಕೆ ರಜಾ ತಗೊಳ್ಳುತ್ತೆ?"

ಅಪ್ಪ ತಟ್ಟೆ ಮುಂದೆ ಸರಿಸಿ ಇನ್ನೊಂದು ದೋಸೆ ಹಾಕಿಸಿಕೊಂಡರು. ಉತ್ತರ ನನ್ನ ಬಳಿಯಿತ್ತು. ಬುಧವಾರ ನಮಗೆ ಪಾರ್ಕಿನ ದಿನ.

ನಮ್ಮ ಮಿಸ್ ದಿನವೂ ಮಲ್ಲೇಶ್ವರದಿಂದ ಬಂದು ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಚಾಮರಾಜಪೇಟೆ ತಲುಪುತ್ತಿದ್ದರು. ಅಡುಗೆಮನೆಯ ತರಗತಿಯನ್ನು ಅವರು ಎಂದೂ ದೂರಿದವರಲ್ಲ. ಆದರೆ ಬುಧವಾರ ಹಾಜರಿ ಕೂಗಿ ಮುಗಿಸಿದೊಡನೆ ಬೀರುವಿನ ಮೇಲಿಂದ ತೆಂಗಿನ ನಾರಿನ ಉದ್ದನೆಯ ಹಗ್ಗವೊಂದನ್ನು ಇಳಿಸುತ್ತಿದ್ದರು. ಅದರಲ್ಲಿ ಮೊಳಕ್ಕೊಂದರಂತೆ ಗಂಟುಗಳು. ಒಬ್ಬೊಬ್ಬರಿಗೆ ಒಂದೊಂದು ಗಂಟು. ವರ್ಷವಿಡೀ ಅದೇ ಗಂಟು. ಹಗ್ಗದ ಮುಂದೆ ಮಿಸ್, ಹಿಂದೆ ಆಯಾ, ನಡುವೆ ನಾವು. ಗಂಟು ಬಿಟ್ಟವರು ಮುಂದಿನ ವಾರ ಆಯಾಳ ಕೈ ಹಿಡಿದು ನಡೆಯಬೇಕೆಂಬುದು ನಿಯಮ. ಅದಕ್ಕಿಂತ ದೊಡ್ಡ ಅವಮಾನ ನಮಗೆ ಗೊತ್ತಿರಲಿಲ್ಲ.

ರಸ್ತೆ ದಾಟುವಾಗ ಆಟೋ ಸ್ಟ್ಯಾಂಡಿನವರು ತಾವಾಗಿಯೇ ಇಳಿದು ಬಂದು ಗಾಡಿಗಳನ್ನು ನಿಲ್ಲಿಸುತ್ತಿದ್ದರು.

"ಏನ್ ಮಿಸ್, ರೈಲು ಎಲ್ಲಿಗೆ ಹೊರಟಿದೆ ಇವತ್ತು?"

"ನೀವು ಕೈ ಅಡ್ಡ ಇಟ್ರೆ ಪಾರ್ಕಿಗೆ. ಇಲ್ದಿದ್ರೆ ಇಲ್ಲೇ ಕ್ಲಾಸು, ನಿಮ್ಮ ಆಟೋದಲ್ಲೇ."

"ಬೇಡ ಮಿಸ್, ನಂಗೂ ಮಗ್ಗಿ ಹೇಳಿಸ್ತೀರ!"

ಆ ಹಗ್ಗದ ಮೊದಲನೇ ಗಂಟು ಉಬ್ಬಸವಿದ್ದ ಹುಡುಗಿಯದು. ಬೇರೆ ಶಾಲೆಗಳಲ್ಲಿ ಅಂಥವರನ್ನು ಹಿಂದೆ ನಿಲ್ಲಿಸುತ್ತಾರೆ, ಇಲ್ಲವೇ ಶಾಲೆಯಲ್ಲೇ ಬಿಟ್ಟು ಹೋಗುತ್ತಾರೆ. ಮಿಸ್ ಅವಳನ್ನು ಎಲ್ಲರಿಗಿಂತ ಮುಂದೆ ಇಟ್ಟಿದ್ದರು. ಅವಳು ನಡೆದಷ್ಟೇ ವೇಗ ಇಡೀ ತರಗತಿಯ ವೇಗ. ಅವಳು ನಿಂತರೆ ಎಲ್ಲರೂ ನಿಲ್ಲಬೇಕು. ಮೊದಮೊದಲು ನನ್ನ ಹಿಂದಿನ ಗಂಟಿನ ಹುಡುಗ ಸಿಡಿಮಿಡಿಗೊಂಡು ಹಗ್ಗ ಜಗ್ಗುತ್ತಿದ್ದ. ದಸರಾ ರಜೆಯ ಹೊತ್ತಿಗೆ ಅವನೇ ಹಿಂದಿನಿಂದ "ನಿಂತ್ಕೊಳ್ರೋ, ಇಂಜಿನ್‌ಗೆ ನೀರು ಹಾಕ್ಬೇಕು" ಎಂದು ಕೂಗುವವನಾಗಿದ್ದ. ಅವಳೂ ನಗುತ್ತಿದ್ದಳು. ಬುಧವಾರಗಳಿಂದ ಅವಳ ಉಬ್ಬಸ ಮಾಯವಾಯಿತೆಂದು ನಾನು ಸುಳ್ಳು ಹೇಳಲಾರೆ. ಉಸಿರು ಕಟ್ಟಿದಾಗ ಮೊದಲು ಅವಳ ಮುಖದಲ್ಲಿ ಮೂಡುತ್ತಿದ್ದ ಗಾಬರಿ ಮಾತ್ರ ಹೋಯಿತು. ತನಗಾಗಿ ಎಲ್ಲರೂ ನಿಲ್ಲುತ್ತಾರೆಂದು ಅವಳಿಗೆ ತಿಳಿದಿತ್ತು.

ಪಾರ್ಕಿನಲ್ಲಿ ಮಳೆಮರದ ಕೆಳಗೆ ನಮ್ಮ ತರಗತಿ. ಹೊಂಗೆಯ ಕಾಯಿಗಳನ್ನು ಗುಡ್ಡೆ ಹಾಕಿ ಕಳೆಯುವ ಲೆಕ್ಕ ಮಾಡುತ್ತಿದ್ದೆವು. ಒಬ್ಬರ ನೆರಳನ್ನು ಇನ್ನೊಬ್ಬರು ಗೇಣಿನಿಂದ ಅಳೆದು, ಊಟದ ಹೊತ್ತಿಗೆ ಅದು ಯಾಕೆ ಗಿಡ್ಡವಾಯಿತೆಂದು ಜಗಳವಾಡುತ್ತಿದ್ದೆವು. ಒತ್ತಕ್ಷರಗಳನ್ನು ನಾನು ಕಲಿತದ್ದು ಪುಸ್ತಕದಲ್ಲಿ ಅಲ್ಲವೇ ಅಲ್ಲ. ಒದ್ದೆ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ಕಲಿತೆ, ತಪ್ಪಾದರೆ ಅಂಗೈಯಿಂದ ಒರೆಸಿದೆ. ತೋಟದ ಮಾಲಿಯ ರಬ್ಬರ್ ಪೈಪು ಒಂದೆಡೆ ಸೀಳಿತ್ತು. ಅಲ್ಲಿಂದ ಚಿಮ್ಮುವ ನೀರಿಗೆ ಕಾಲೊಡ್ಡಲು ಮಿಸ್ ನಮ್ಮನ್ನು ಸರದಿಯಂತೆ ಬಿಡುತ್ತಿದ್ದರು, ತಾವು ಬೇರೆಲ್ಲೋ ನೋಡುತ್ತಿರುವಂತೆ ನಟಿಸುತ್ತಾ.

ಎಲ್ಲಕ್ಕಿಂತ ಕೊನೆಯದು ಕಿವಿಯ ಪಾಠ. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು. ಏನು ಕೇಳಿಸುತ್ತದೆಂದು ಒಬ್ಬೊಬ್ಬರಾಗಿ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಮೊದಲ ಸರದಿಯವರಿಗೆ ಸುಲಭ: ಬಸ್ಸಿನ ಹಾರನ್, ಕಾಗೆ, ತರಕಾರಿ ಗಾಡಿಯವನ ಕೂಗು. ಸರದಿ ಮುಂದೆ ಬಂದಂತೆ ಕಿವಿ ಚೂಪಾಗಬೇಕಿತ್ತು. ಒಣಗಿದ ಎಲೆ ನೆಲ ಮುಟ್ಟುವ ಸದ್ದು, ಆಯಾಳ ಬಳೆ, ಪಕ್ಕದವನ ಹೊಟ್ಟೆ ಗುರುಗುಟ್ಟಿದ್ದು. ನನ್ನ ಗಂಟು ಹಿಂದಿತ್ತಾದ್ದರಿಂದ ಸರದಿ ಬರುವಾಗ ಸುಲಭದ ಸದ್ದುಗಳೆಲ್ಲ ಖಾಲಿಯಾಗಿರುತ್ತಿದ್ದವು. ಒಂದು ಬುಧವಾರ ಬಹಳ ಹೊತ್ತು ಕಾದು, "ಮರದೊಳಗೆ ಏನೋ ಕೊರೀತಿದೆ ಮಿಸ್" ಎಂದೆ. ಎಲ್ಲರೂ ಎದ್ದು ಕಾಂಡಕ್ಕೆ ಕಿವಿಯಿಟ್ಟರು. ನಿಜವಾಗಿ ಕೊರೆಯುತ್ತಿತ್ತು. ಅವತ್ತು ಮಿಸ್ ನನ್ನ ಕೈಗೆ ಪುಸ್ತಕ ಕೊಟ್ಟು, "ಈಗ ಆ ಹುಳಕ್ಕೆ ಕೇಳೋ ಹಾಗೆ ಓದು ನೋಡೋಣ" ಎಂದರು. ನಾನು ಓದಿದೆ. ಗಂಟಲು ಕಟ್ಟಲಿಲ್ಲ. ಗೋಡೆಗಳಿಲ್ಲದ ಕಡೆ ನನ್ನ ದನಿ ತಿರುಗಿ ಬಂದು ನನಗೇ ಬಡಿಯುತ್ತಿರಲಿಲ್ಲವೆಂಬುದು ಕಾರಣವೋ, ಮರದೊಳಗಿನ ಹುಳ ನನ್ನನ್ನು ನೋಡುತ್ತಿಲ್ಲವೆಂಬುದು ಕಾರಣವೋ, ಇವತ್ತಿಗೂ ತಿಳಿಯದು.

ಬುಧವಾರ ಮಧ್ಯಾಹ್ನ ಡಬ್ಬಿಯ ಚಿತ್ರಾನ್ನದಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲ. ಅವತ್ತು ಮನೆಗೆ ಬಂದ ಮೇಲೆ ಯಾರೂ ಮಲಗೆಂದು ಗದರಬೇಕಾಗಿರಲಿಲ್ಲ. ಉಗುರಿನಲ್ಲಿ ಮಣ್ಣು, ಮೊಣಕಾಲಿನಲ್ಲಿ ಗೀರು, ಲಂಗದ ಅಂಚಿನಲ್ಲಿ ಮಳೆಮರದ ಕಾಯಿಯ ಅಂಟು. ಗುರುವಾರ ಬೆಳಿಗ್ಗೆ ನೋವು ಮತ್ತೆ ಬರುತ್ತಿತ್ತು, ನಿಜ. ಆದರೆ ಗುರುವಾರದಿಂದ ಬುಧವಾರ ಎಷ್ಟು ದೂರವೆಂದು ಬೆರಳಲ್ಲಿ ಎಣಿಸಬಹುದಾಗಿತ್ತು. ಎಣಿಸುವುದಕ್ಕೆ ಏನೋ ಇರುವುದೇ ಮಗುವಿಗೆ ಅರ್ಧ ಔಷಧ.

ಇವೆಲ್ಲ ನನಗೆ ವಿಶ್ವವಿದ್ಯಾಲಯದಲ್ಲಿ ಮತ್ತೆ ಎದುರಾದವು. ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ತರಗತಿ. ಪರದೆ ಎಳೆದು ಕತ್ತಲು ಮಾಡಿದ, ಎ.ಸಿ. ಗುಂಯ್‌ಗುಟ್ಟುವ ಕೊಠಡಿ. ಬಯಲಿನಲ್ಲಿ ಕಲಿಯುವ ಮಕ್ಕಳ ನಿದ್ದೆ, ಹಸಿವು, ಕಣ್ಣು, ಏಕಾಗ್ರತೆ, ಒಬ್ಬರನ್ನೊಬ್ಬರು ಸಹಿಸುವ ಗುಣ ಎಲ್ಲವೂ ಹೇಗೆ ಸುಧಾರಿಸುತ್ತವೆಂದು ಪ್ರಾಧ್ಯಾಪಕರು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸುತ್ತಿದ್ದರು. ನಾವು ಕತ್ತಲಲ್ಲಿ ಕುಳಿತು ಬೆಳಕಿನ ಬಗ್ಗೆ ಬರೆದುಕೊಂಡೆವು. ಹೊರಗೆ ಕ್ಯಾಂಪಸ್ಸಿನ ಮರಗಳಿದ್ದವು. ಒಬ್ಬರೂ ಎದ್ದು ಹೋಗಲಿಲ್ಲ. ನನಗೆ ಆ ಗಳಿಗೆಯಲ್ಲಿ ಪದವಿ ಬೇಡವಾಗಿತ್ತು, ನನ್ನ ಗಂಟು ಬೇಕಾಗಿತ್ತು. ಅಂಗೈಯಲ್ಲಿ ಆ ನಾರಿನ ಒರಟು ನೆನಪಾಗಿ ಕೈ ಮುಷ್ಟಿ ಕಟ್ಟಿಕೊಂಡಿತ್ತು.

ಈಗ ಅಕ್ಕನ ಮಗಳ ಸಂಗತಿ. ಅಕ್ಕ, ಭಾವ ನಮ್ಮ ಮನೆಯ ಮಹಡಿಯಲ್ಲೇ ಇದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮಗು ಹಗಲು ನಮ್ಮೊಡನೆ. ಅವಳು ಓದುವುದು ಅದೇ ಶಾಲೆಯಲ್ಲಿ, ಎರಡನೇ ತರಗತಿ. ಶಾಲೆಯ ಮೇಲೆ ಒಂದು ಅಂತಸ್ತು ಎದ್ದಿದೆ. ಹಿತ್ತಲಿನ ಒಗೆಯುವ ಕಲ್ಲಿದ್ದಲ್ಲಿ ಸಿಬ್ಬಂದಿಯ ಸ್ಕೂಟರುಗಳು ನಿಂತಿವೆ. ಪಾರಿವಾಳ ಬಾರದಿರಲೆಂದು ಕಿಟಕಿಗಳಿಗೆ ಬಲೆ ಬಿಗಿದಿದ್ದಾರೆ. ಎರಡನೇ ತರಗತಿ ಈಗಲೂ ಅಡುಗೆಮನೆಯಲ್ಲೇ ಇದೆ.

ಬೆಳಿಗ್ಗೆ ಜಡೆ ಹಾಕುವಾಗ ಅವಳು ಹೊಟ್ಟೆ ಹಿಡಿದುಕೊಂಡು ಬಾಗುತ್ತಾಳೆ. ಅಮ್ಮ ಜೀರಿಗೆ ಕಷಾಯ ಮಾಡಿದಳು, ದೃಷ್ಟಿಯನ್ನೂ ತೆಗೆದಳು. ಈ ಮನೆಯಲ್ಲಿ ಔಷಧಗಳು ಬದಲಾಗುವುದಿಲ್ಲ. ಅಕ್ಕ ಮಕ್ಕಳ ಡಾಕ್ಟರ ಬಳಿ ಕರೆದೊಯ್ದಾಗ ನಾನೂ ಹೋಗಿದ್ದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ವರದಿಯನ್ನು ಪಕ್ಕಕ್ಕಿಟ್ಟು ಕೇಳಿದರು:

"ಹಗಲು ಹೊತ್ತು ಹೊರಗಡೆ ಎಷ್ಟು ಹೊತ್ತು ಇರ್ತಾಳೆ?"

ಅಕ್ಕ ಅವಳ ದಿನವನ್ನು ಗಟ್ಟಿಯಾಗಿ ಹೇಳುತ್ತಾ ಹೋದಳು. ವ್ಯಾನು, ಶಾಲೆ, ವ್ಯಾನು, ಟ್ಯೂಷನ್, ಅಬಾಕಸ್, ಊಟ. ಹೇಳುತ್ತಾ ಹೇಳುತ್ತಾ ಅವಳ ದನಿ ತಗ್ಗಿತು. "ಶಾಲೆಯಿಂದ ವ್ಯಾನಿಗೆ ಬರೋವಾಗ..." ಎಂದು ನಿಲ್ಲಿಸಿದಳು.

"ಟಾನಿಕ್ಕು ಬೇಡ," ಎಂದರು ಡಾಕ್ಟರು. "ಬೆಳಕಲ್ಲಿ ಬಿಡಿ. ಓಡಲಿ, ಮಣ್ಣಲ್ಲಿ ಕೂರಲಿ. ಓದೋದಿದ್ರೆ ಅಲ್ಲೇ ಓದಲಿ. ಆಮೇಲೂ ನೋವು ಹೋಗದಿದ್ರೆ ಬನ್ನಿ, ಮುಂದಕ್ಕೆ ನೋಡೋಣ."

ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆದದ್ದಿಷ್ಟು: ನನ್ನ ನೋವೇ ಅವಳಿಗೂ ಬಂದಿದೆ, ನನ್ನ ಬುಧವಾರ ಮಾತ್ರ ಬಂದಿಲ್ಲ.

ಮರುದಿನ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. ನಾನಿದ್ದಾಗ ಅವರು ಒಂದನೇ ತರಗತಿಗೆ ಹೊಸದಾಗಿ ಬಂದ ಟೀಚರು. ಪಾರ್ಕಿನ ಪಾಠ ಯಾಕೆ ನಿಂತಿತೆಂದು ಕೇಳಿದೆ.

"ನಾವೆಲ್ಲಿ ನಿಲ್ಲಿಸಿದ್ವಿ? ಅವರು ಗೇಟು ಹಾಕಿದ್ರು. ಬೀಗ ಹಾಕಿದ ಮೊದಲನೇ ಬುಧವಾರ ನಿಮ್ಮ ಮಿಸ್ ಮಕ್ಕಳನ್ನ ಹಗ್ಗ ಹಿಡಿಸಿಕೊಂಡು ಹೋಗಿ, ಗೇಟಿನ ಮುಂದೆ ನಿಂತು, ಹಂಗೇ ವಾಪಸ್ ಬಂದ್ರು. ಹಗ್ಗ ಸುತ್ತಿ ಬೀರುವಿನ ಮೇಲಿಟ್ರು. ಆ ವರ್ಷವೇ ಅವರ ನಿವೃತ್ತಿ."

"ಈಗ ಗೇಟು ತೆಗೆದ್ರೆ ನೀವು ಮಕ್ಕಳನ್ನ ಕಳಿಸ್ತೀರಾ?"

"ನೀವು ತೆಗೆಸಿಬಿಡಿ, ನಾನೇ ಕರ್ಕೊಂಡ್ ಹೋಗ್ತೀನಿ. ಹಗ್ಗ ಇನ್ನೂ ಇದೆ, ನೋಡಿ."

ಅವರು ತೋರಿಸಿದೆಡೆ ನೋಡಿದೆ. ಹೊರಗಿನವರು ಗಾಡಿ ನಿಲ್ಲಿಸದಿರಲೆಂದು ಆವರಣದ ಬಾಯಿಗೆ ಅಡ್ಡವಾಗಿ ಅದನ್ನು ಕಟ್ಟಿದ್ದರು. ಗಂಟುಗಳು ಮಾಸಿ, ಸವೆದು ಸಣ್ಣವಾಗಿದ್ದವು. ನನ್ನದು ಯಾವುದೆಂದು ಹುಡುಕಲು ಹೋಗಲಿಲ್ಲ. ಅಲ್ಲಿಯೇ ಅತ್ತುಬಿಡುವ ಭಯವಿತ್ತು.

ಮುಂದಿನ ಬುಧವಾರ ಮಗುವನ್ನು ಶಾಲೆಗೆ ಕಳಿಸದೆ, ಅವಳ ಅಮ್ಮನ ಒಪ್ಪಿಗೆ ಪಡೆದು, ನಾನೇ ಪಾರ್ಕಿಗೆ ಕರೆದೊಯ್ದೆ. ನಾವು ತಲುಪುವಷ್ಟರಲ್ಲಿ ಬೀಗ ಬಿದ್ದಿತ್ತು. ಒಳಗೆ ಬೆಂಚಿನ ಮೇಲೆ ಕಾವಲುಗಾರ ಮೊಬೈಲಿನಲ್ಲಿ ಹಾಡು ಕೇಳುತ್ತಾ ಕುಳಿತಿದ್ದ.

"ಅಣ್ಣಾ, ಸ್ವಲ್ಪ ಗೇಟು ತೆಗೀರಿ."

"ನಾಲ್ಕು ಗಂಟೆಗೆ ಬನ್ನಿ ಮೇಡಂ."

"ನಾಲ್ಕು ಗಂಟೆಗೆ ಇವಳು ಟ್ಯೂಷನ್‌ನಲ್ಲಿರ್ತಾಳೆ."

"ಹಂಗಾದ್ರೆ ಬೆಳಿಗ್ಗೆ ಐದಕ್ಕೆ ಬನ್ನಿ. ಐದಕ್ಕೇ ತೆಗೆದಿರ್ತೀನಿ."

"ಬೆಳಿಗ್ಗೆ ಐದಕ್ಕೆ ಏಳು ವರ್ಷದ ಮಗು ಇಲ್ಲಿ ಬಂದು ಏನು ಮಾಡುತ್ತೆ?"

"ವಾಕಿಂಗು," ಎಂದ ಆತ, ತಾನೇ ನಗುತ್ತಾ.

ಮಗು ಸರಳಿನ ನಡುವೆ ಮುಖ ತೂರಿಸಿ ಕೇಳಿದಳು: "ಅಂಕಲ್, ಒಳಗೆ ನೀವೊಬ್ರೇ ಏನ್ ಮಾಡ್ತೀರ?"

"ಕಾಯ್ತೀನಿ ಪುಟ್ಟಾ."

"ಏನನ್ನ?"

"ಯಾರೂ ಬರ್ದಂಗೆ ಕಾಯ್ತೀನಿ."

ಗೇಟಿನ ಪಕ್ಕದಲ್ಲಿ ಹಸಿರು ಫಲಕವಿತ್ತು. ಅವಳು ಈಗಷ್ಟೇ ಕೂಡಿಸಿ ಓದಲು ಕಲಿತವಳು. ಬೆರಳಿಟ್ಟು ಒಂದೊಂದೇ ಸಾಲನ್ನು ಓದತೊಡಗಿದಳು. ಹುಲ್ಲಿನ ಮೇಲೆ ನಡೆಯಬಾರದು. ಹೂ ಕೀಳಬಾರದು. ಚೆಂಡಾಟ ಆಡಬಾರದು. ಮರ ಹತ್ತಬಾರದು. ಕೊನೆಯ ಸಾಲಿನವರೆಗೂ ಓದಿ, ಫಲಕದ ಹಿಂಬದಿಯನ್ನೂ ಬಗ್ಗಿ ನೋಡಿದಳು.

"ಚಿಕ್ಕಿ, ಏನ್ ಮಾಡ್ಬೋದು ಅಂತ ಎಲ್ಲಿ ಬರ್ದಿದಾರೆ?"

ನಾನು ಕಾವಲುಗಾರನ ಕಡೆ ತಿರುಗಿ, ಹಗಲು ಹೊತ್ತಿನಲ್ಲಿ ಯಾಕೆ ಬೀಗವೆಂದು ಕೇಳಿದೆ.

"ನಂದೇನಿಲ್ಲ ಮೇಡಂ. ಜೋಡಿಗಳು ಬಂದು ಕೂತ್ಕೊಂತವೆ ಅಂತ ಏರಿಯಾದವರೇ ಹೇಳಿ ಹಾಕ್ಸಿದ್ದು. ಬೆಳಿಗ್ಗೆ ವಾಕಿಂಗ್ ಬರ್ತಾರಲ್ಲ, ದೊಡ್ಡೋರು. ಬಳೇಪೇಟೆಲಿ ಅಂಗಡಿ ಇಟ್ಟಿದಾರಲ್ಲ, ಬಿಳಿ ಟೋಪಿ ಯಜಮಾನ್ರು, ಅವರೆಲ್ಲಾ ಸೇರಿ."

ಬಳೇಪೇಟೆಯ ಬಿಳಿ ಟೋಪಿಯ ಯಜಮಾನರು ನನ್ನ ಅಪ್ಪ. ಮಗುವಿಗೆ ತಾತ.

ಅಪ್ಪ ಆ ಪಾರ್ಕನ್ನು ಪ್ರೀತಿಸುವಷ್ಟು ಬಹುಶಃ ತಮ್ಮ ಅಂಗಡಿಯನ್ನೂ ಪ್ರೀತಿಸುವುದಿಲ್ಲ. ಬೆಳಗಿನ ಮಂಜಿನಲ್ಲಿ ಅಲ್ಲಿ ಸುತ್ತು ಹಾಕಿ, ಗೆಳೆಯರೊಡನೆ ಕೈ ಚಪ್ಪಾಳೆ ತಟ್ಟಿ ನಕ್ಕು, ಮನೆಗೆ ಬಂದು ಸ್ನಾನ ಮುಗಿಸಿ, ಹತ್ತಕ್ಕೆ ಬಳೇಪೇಟೆಯಲ್ಲಿ ಬಳೆಗಳ ಸಗಟು ಅಂಗಡಿಯ ಬೀಗ ತೆಗೆಯುತ್ತಾರೆ. ತಾವು ಅಂಗಡಿ ತೆರೆಯುವ ಹೊತ್ತಿಗೇ ಪಾರ್ಕಿಗೆ ಬೀಗ ಹಾಕಿ ಎಂದು ಕೇಳಿದ್ದವರಲ್ಲಿ ಅವರೂ ಒಬ್ಬರು. ಮರುದಿನ ಬೆಳಿಗ್ಗೆ ಅವರು ವಾಕಿಂಗ್ ಮುಗಿಸಿ ಬಂದು ಜಗಲಿಯ ಮೇಲೆ ಕಾಫಿ ಲೋಟ ಹಿಡಿದಾಗ ಕೇಳಿದೆ.

"ಅಪ್ಪಾ, ಪಾರ್ಕಿಗೆ ಬೀಗ ಹಾಕ್ಸಿದ್ದು ನೀವಾ?"

"ನಾನೊಬ್ಬನೇ ಅಲ್ಲಮ್ಮಾ. ಎಲ್ಲಾರೂ ಹೋಗಿ ಹೇಳಿದ್ವಿ. ಮಧ್ಯಾಹ್ನ ಕಾಲೇಜ್ ಹುಡುಗ್ರು ಹುಡುಗೀರು ಬಂದು, ಬೆಂಚ್ ಮೇಲೆ... ಸಂಸಾರಸ್ಥರು ಓಡಾಡೋ ಜಾಗ ಅಲ್ವಾ?"

"ಮಧ್ಯಾಹ್ನ ನೀವು ಅಲ್ಲಿದ್ರಾ?"

"ನಾನು ಅಂಗಡೀಲಿರ್ತೀನಿ."

"ಮತ್ತೆ ನೋಡಿದ್ಯಾರು?"

"ನಮ್ಮ ಗುಂಪಿನವರು ಹೇಳಿದ್ರು."

ಒಳಗಿಂದ ಅಮ್ಮನ ದನಿ ಬಂತು: "ಆ ಗುಂಪಿನವರೂ ಮಧ್ಯಾಹ್ನ ಉಂಡು ಮಲಗಿರ್ತಾರೆ. ಕನಸಲ್ಲಿ ಕಂಡಿರ್ಬೇಕು."

"ನೀನ್ ಸುಮ್ನಿರೇ," ಎಂದು ಅಪ್ಪ ಲೋಟ ಕೆಳಗಿಟ್ಟರು.

"ಅಪ್ಪಾ, ಎರಡನೇ ಕ್ಲಾಸಲ್ಲಿ ಬುಧವಾರ ನಾನು ಎಲ್ಲಿರ್ತಿದ್ದೆ?"

ಜಗಲಿಯ ಇನ್ನೊಂದು ತುದಿಯಲ್ಲಿ ಮಗು ಶೂಸಿನ ಲೇಸು ಕಟ್ಟಿಸಿಕೊಳ್ಳಲು ಕಾಲು ಚಾಚಿ, ಒಂದು ಕೈಯಿಂದ ಹೊಟ್ಟೆ ಹಿಡಿದು ಕುಳಿತಿದ್ದಳು. ಅಪ್ಪ ಅವಳನ್ನೇ ನೋಡಿದರು.

"ಮಕ್ಕಳಿಗೆ ಬೀಗ ಹಾಕಿ ಅಂತ ನಾವು ಹೇಳಲಿಲ್ಲ ಕಣಮ್ಮಾ," ಎಂದರು ಕೊನೆಗೆ.

"ಬೀಗಕ್ಕೆ ಅದೆಲ್ಲಾ ಹೇಗಪ್ಪಾ ಗೊತ್ತಾಗುತ್ತೆ?"

ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೆಂಚಿನ ಮೇಲೆ ಕುಳಿತ ಆ ಹುಡುಗ ಹುಡುಗಿಯರು ಯಾರಿಗೆ ಯಾವ ಕೇಡು ಮಾಡಿದ್ದರೆಂದೂ ನನಗೆ ತಿಳಿಯದು; ಈ ಊರಿನಲ್ಲಿ ಇಬ್ಬರು ಕುಳಿತು ಮಾತಾಡಲು ಕಾಸಿಲ್ಲದೆ ಸಿಗುವ ಜಾಗ ಬೇರೆ ಯಾವುದಿದೆ? ಬೆಳಗಿನ ಮಂಜು ತಮ್ಮದೆಂದು ಭಾವಿಸಿದ ಹಿರಿಯರು, ತಾವು ಕಾಣದ ಮಧ್ಯಾಹ್ನವನ್ನು ಎಲ್ಲರಿಗೂ ಇಲ್ಲವಾಗಿಸಿದರು. ಆದರೆ ಹಿರಿಯರದು ಕೋರಿಕೆ ಮಾತ್ರ. ಅದನ್ನು ವಿಚಾರಿಸದೆ ಬೀಗವಾಗಿಸಿದವರು ನೀವು. ಸುತ್ತಮುತ್ತ ಶಾಲೆಗಳಿವೆಯೇ, ಯಾರಾದರೂ ಮಕ್ಕಳನ್ನು ಕರೆತರುತ್ತಾರೆಯೇ ಎಂದು ಕೇಳಲು ನಿಮಗೆ ಒಂದು ಬುಧವಾರ ಸಾಕಾಗಿತ್ತು.

ನಂತರದ ಬುಧವಾರ ಅಪ್ಪ ಅಂಗಡಿಯ ಕೀಲಿಯನ್ನು ಅವತ್ತು ರಜೆ ಹಾಕಿದ್ದ ಭಾವನ ಕೈಗೆ ಕೊಟ್ಟು, ಟೋಪಿ ಹಾಕಿಕೊಂಡು, "ನಡಿ" ಎಂದರು. ಮಗುವನ್ನೂ ಕರೆದುಕೊಂಡು ನಾವು ಮೂವರು ಉದ್ಯಾನದ ಉಸ್ತುವಾರಿ ನೋಡುವ ಕಚೇರಿಗೆ ಹೋದೆವು. ಬಹಳ ಹೊತ್ತು ಕಾಯಿಸಿ ಅಧಿಕಾರಿ ಒಳಗೆ ಕರೆದರು.

"ಅದು ಸ್ಥಳೀಯರ ಒತ್ತಾಯದ ಮೇಲೆ ಆಗಿರೋದು," ಎಂದರು.

"ಆ ಸ್ಥಳೀಯ ನಾನೇ ಸ್ವಾಮಿ," ಎಂದರು ಅಪ್ಪ. "ನನ್ನ ಒತ್ತಾಯ ವಾಪಸ್ ತಗೊಂಡಿದೀನಿ. ತೆಗೀರಿ ಗೇಟು."

ಅಧಿಕಾರಿ ನಕ್ಕರು, ಕೆಟ್ಟ ನಗುವೇನೂ ಆಗಿರಲಿಲ್ಲ, ದಣಿದ ನಗು. "ಯಜಮಾನ್ರೇ, ಹಾಕೋದಕ್ಕೆ ನೀವು ಹೇಳಿದ್ರೆ ಸಾಕಿತ್ತು. ತೆಗೆಯೋದಕ್ಕೆ ಮೇಲಿಂದ ಬರ್ಬೇಕು."

"ಮೇಲೆ ಅಂದ್ರೆ ಯಾರು?"

"ಮೇಲೆ," ಎಂದು ಅವರು ಪೆನ್ನಿನಿಂದ ಮೇಲಕ್ಕೆ ತೋರಿಸಿದರು. ಮಗು ತಲೆಯೆತ್ತಿ ನೋಡಿದಳು. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಕಚೇರಿಯಿಂದ ಹೊರಬಿದ್ದ ಮೇಲೆ ಅಪ್ಪ ಮನೆಯ ದಾರಿ ಹಿಡಿಯಲಿಲ್ಲ, ಅಂಗಡಿಗೂ ಹೋಗಲಿಲ್ಲ. ಪಾರ್ಕಿನ ಗೇಟಿಗೆ ಬಂದರು. ಅವರು ಆ ಹೊತ್ತಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲೆಂದು ತೋರುತ್ತದೆ. ಮಳೆಮರದ ಕೆಳಗೆ ಬೆಳಕು ಚುಕ್ಕೆ ಚುಕ್ಕೆಯಾಗಿ ಹರಡಿತ್ತು. ಹುಲ್ಲಿನ ಮೇಲೆ ಅಳಿಲೊಂದು ನೆಟ್ಟಗೆ ಕುಳಿತಿತ್ತು. ಕಾವಲುಗಾರನನ್ನು ಬಿಟ್ಟರೆ ಒಳಗೆ ಒಬ್ಬರೂ ಇರಲಿಲ್ಲ. ಅಷ್ಟು ಚೆಂದದ ಬಯಲು ಅಷ್ಟು ಖಾಲಿಯಾಗಿರುವುದನ್ನು ನೋಡುತ್ತಾ ನಿಲ್ಲುವುದು ಕಷ್ಟ. ನಾನು ಆ ಮರದ ಬುಡವನ್ನೇ ನೋಡುತ್ತಿದ್ದೆ. ನಾವು ಕುಳಿತು ಕುಳಿತು ನುಣುಪಾಗಿದ್ದ ಬೇರುಗಳ ಮೇಲೆ ಈಗ ಎಲೆ ದಟ್ಟವಾಗಿ ಬಿದ್ದಿತ್ತು.

ಏನು ಮಾಡಬೇಕೆಂದು ತೋಚದೆ ಮಗುವಿಗೆ ಕಿವಿಯ ಪಾಠ ಹೇಳಿಕೊಟ್ಟೆ. ಅವಳು ಎರಡೂ ಕೈಯಲ್ಲಿ ಸರಳು ಹಿಡಿದು ಕಣ್ಣು ಮುಚ್ಚಿದಳು.

"ಬಸ್ಸು," ಎಂದಳು.

"ಕಾಗೆ," ಎಂದೆ.

ಮೂರನೆಯ ಸರದಿ ಯಾರದೆಂದು ನಾವಿಬ್ಬರೂ ಕಣ್ಣು ತೆರೆದು ನೋಡಿದರೆ, ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು.

"ಏನೋ ಒಂದು ಹಕ್ಕಿ," ಎಂದರು. "ಟುಕ್ ಟುಕ್ ಅಂತಿದೆ. ದಿನಾ ಬರ್ತೀನಿ, ಒಂದಿನಾನೂ ಕೇಳಿಸಿರ್ಲಿಲ್ಲ."

"ತಾತಾ, ನೀವು ದಿನಾ ಮಾತಾಡ್ಕೊಂಡು ಹೋಗ್ತೀರಲ್ಲಾ, ಅದಕ್ಕೇ," ಎಂದಳು ಮಗು. ಆಮೇಲೆ ಮತ್ತೆ ಕಣ್ಣು ಮುಚ್ಚಿ, ಬಹಳ ಹೊತ್ತು ಕಾದು, "ಒಳಗೆ ಎಲ್ಲೋ ನೀರು ಸೋರ್ತಿದೆ," ಎಂದಳು. ನಾನೂ ಆಲಿಸಿದೆ. ಸೋರುತ್ತಿತ್ತು. ಪೈಪಿನ ಸೀಳಿನಿಂದ ಚಿಮ್ಮಿದ ನೀರು ಹುಲ್ಲಿಗೆ ಬೀಳುವ ಸದ್ದು. ಅದರ ಕೆಳಗೆ ಒಡ್ಡಲು ಒಂದೂ ಪುಟ್ಟ ಪಾದವಿರಲಿಲ್ಲ.

ಮನೆಗೆ ಬಂದು ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಆ ದಿನ ಹೊಟ್ಟೆಯ ಮಾತೇ ಬರಲಿಲ್ಲ. ಗೇಟಿನ ಹೊರಗೆ ನಿಂತದ್ದರ ಫಲವೇ ಇಷ್ಟಾದರೆ ಒಳಗಿನದು ಎಷ್ಟಿರಬಹುದೆಂದು ಅಮ್ಮ ಕೇಳಿದಳು. ನಾನು ಮಲ್ಲೇಶ್ವರಕ್ಕೆ ಫೋನು ಮಾಡಿ ಮಿಸ್‌ಗೆ ಎಲ್ಲವನ್ನೂ ಹೇಳಿದೆ. ಅವರ ದನಿ ತೆಳುವಾಗಿದೆ, ಕಿವಿ ಮಾತ್ರ ಚುರುಕಾಗಿಯೇ ಇದೆ. ಕಚೇರಿಯ ಬಗ್ಗೆ ಅವರು ಏನೂ ಕೇಳಲಿಲ್ಲ. "ಗೇಟು ತೆಗೆದ ದಿನ ಮೊದಲನೇ ಗಂಟು ನಿಮ್ಮ ಮಗೂಗೇ ಕೊಡಿ ಅಂತ ಸ್ಕೂಲಲ್ಲಿ ಹೇಳು. ಹೊಟ್ಟೆನೋವು ಇರೋರು ನಿಧಾನಕ್ಕೆ ನಡೀತಾರೆ. ಮಿಕ್ಕೋರು ಕಾಯ್ಲಿ," ಎಂದರು.

ಗುರುವಾರ ಬೆಳಿಗ್ಗೆ ನೋವು ಮತ್ತೆ ಬಂತು. ಜಡೆಗೆ ರಿಬ್ಬನ್ ಕಟ್ಟುವಾಗ ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದಳು: "ಮುಂದಿನ ಬುಧವಾರ ಒಳಗೆ ಬಿಡ್ತಾರಾ ಚಿಕ್ಕಿ?"

"ಕೇಳ್ತೀನಿ ಪುಟ್ಟಾ," ಎಂದೆ.

ಕೇಳುತ್ತಿದ್ದೇನೆ.

ಉದ್ಯಾನದ ಉಸ್ತುವಾರಿ ಹೊತ್ತ ಅಧಿಕಾರಿಗಳಲ್ಲಿ ಮತ್ತು ಅವರ 'ಮೇಲೆ' ಇರುವವರಲ್ಲಿ ನನ್ನ ವಿನಂತಿ ಹೀಗಿದೆ. ಹಗಲು ಹೊತ್ತಿನಲ್ಲಿ ಗೇಟು ಮುಚ್ಚಬೇಕೆಂದು ಆದೇಶಿಸಿದವರು ಯಾರು, ಯಾವ ಕಾರಣಕ್ಕೆ, ಆದೇಶಿಸುವ ಮುನ್ನ ಪಕ್ಕದ ಬೀದಿಯ ಶಾಲೆಯನ್ನು ಯಾಕೆ ವಿಚಾರಿಸಲಿಲ್ಲ ಎಂಬುದಕ್ಕೆ ನೀವು ಬರವಣಿಗೆಯಲ್ಲಿ ಉತ್ತರಿಸಬೇಕು. ಕೋರಿಕೆ ಸಲ್ಲಿಸಿದ್ದ ಹಿರಿಯರೊಬ್ಬರು ಅದನ್ನು ನಿಮ್ಮ ಎದುರಿಗೇ ಹಿಂತೆಗೆದುಕೊಂಡಿದ್ದಾರೆ. ಆ ನೆಪ ಇನ್ನು ನಿಲ್ಲುವುದಿಲ್ಲ. ಶಾಲೆ ನಡೆಯುವ ದಿನಗಳಲ್ಲಿ, ಶಿಕ್ಷಕರೊಡನೆ ಬರುವ ಮಕ್ಕಳಿಗೆ ಗೇಟು ತೆರೆದಿರಬೇಕು. ಅವರು ಹುಲ್ಲಿನ ಮೇಲೆ ಕೂರಬಹುದು, ಮಣ್ಣಿನಲ್ಲಿ ಬರೆಯಬಹುದು ಎಂದು ಒಪ್ಪಿಕೊಳ್ಳಬೇಕು. ಇದು ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ, ಅಡುಗೆಮನೆಯ ತರಗತಿಯ ಈ ಮಕ್ಕಳು ಇನ್ನೂ ಎರಡನೇ ತರಗತಿಯಲ್ಲಿರುವಾಗಲೇ ಆಗಬೇಕು.

ಉತ್ತರದ ಪ್ರತಿಯನ್ನು ನನಗೆ ಅಂಚೆಯಲ್ಲಿ ಕಳಿಸುವ ಅಗತ್ಯವಿಲ್ಲ. ಗೇಟಿನ ಪಕ್ಕದ ಹಸಿರು ಫಲಕದ ಮೇಲೆ, ಏಳು ವರ್ಷದವರ ಕಣ್ಣಿನ ಎತ್ತರಕ್ಕೆ, ಕೂಡಿಸಿ ಓದುವವರಿಗೆ ಎಟುಕುವಂಥ ದೊಡ್ಡ ಅಕ್ಷರಗಳಲ್ಲಿ ಬರೆಸಿ ಹಾಕಬೇಕಾಗಿ ಕೋರುತ್ತೇನೆ. ಓದಲು ಒಬ್ಬಳು ಬುಧವಾರ ಬರುತ್ತಾಳೆ.